ಕೊನ್‌ಸ್ವೆಗ್ರ ಮತ್ತು ಒಂದು ಬೆಣ್ಣೆ ಡಬ್ಬಿ

ಹಾಲು ಉಕ್ಕುವುದರೊಳಗೆ ಒಂದು ಪಾಠ ಮುಗಿಸಬೇಕು. ಕಳೆದ ಎಂಟು ತಿಂಗಳಿಂದ ಇದು ನನ್ನ ಬೆಳಗಿನ ನೇಮ. ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಎಳೆದು, ಒಲೆಯ ಮೇಲೆ ಹಾಲಿಟ್ಟು, ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದೆನೆಂದರೆ ಅದರೊಳಗಿನ ಹೆಂಗಸು ಸ್ಪ್ಯಾನಿಷ್ ಮಾತಾಡಲು ಶುರುಮಾಡುತ್ತಾಳೆ. ಅವಳು ಹೇಳಿದ್ದನ್ನು ನಾನು ತಿರುಗಿ ಹೇಳಬೇಕು. ಸರಿಯಾದರೆ ಗಂಟೆ ಬಾರಿಸುತ್ತದೆ. ತಪ್ಪಾದರೆ ಸೈಕಲ್ ಚಕ್ರದ ಗಾಳಿ ಬಿಟ್ಟಂಥ ಒಂದು ಸದ್ದು. ನಡುನಡುವೆ ಹಜಾರದಲ್ಲಿ ಪೇಪರಿನ ಹಿಂದಿನಿಂದ ನಮ್ಮವರು "ಹಾಲು" ಅನ್ನುತ್ತಾರೆ. ನನ್ನ ಸ್ಪ್ಯಾನಿಷ್ ವಿದ್ಯಾಭ್ಯಾಸಕ್ಕೆ ಅವರ ಕೊಡುಗೆ ಈ ಒಂದೇ ಪದ.

ಆ ಬುಧವಾರ ಬೆಳಿಗ್ಗೆಯೂ ಎಲ್ಲವೂ ಹೀಗೇ ನಡೆಯಿತು. ಎರಡು ಸಣ್ಣ ವ್ಯತ್ಯಾಸಗಳಿದ್ದವು. ಅಂಗಳವನ್ನು ನಾನು ಎರಡು ಸಲ ಗುಡಿಸಿದೆ. ಪಕ್ಕದ ಮನೆಯ ರತ್ನಮ್ಮ ಕಾಂಪೌಂಡಿನ ಆಚೆಯಿಂದ ಹೂ ಕೀಳುತ್ತಾ, "ಏನಕ್ಕ, ಗುಡ್ಸಿದ್ನೇ ಗುಡುಸ್ತಾ ಇದ್ದೀರಿ, ನೆಲ ಸವ್ದೋದಾತು" ಅಂದರು. "ಬೀಗರು ಬರ್ತಾರೆ" ಅಂದೆ. ಇನ್ನೊಂದು, ಹೊಸ ಪಾಠಕ್ಕೆ ಹೋಗದೆ ಹಳೆಯದೊಂದನ್ನೇ ಮತ್ತೆ ತೆರೆದೆ. ಮೂರು ವಾರದಿಂದ ದಿನಾ ಅದನ್ನೇ ತೆರೆಯುತ್ತಿದ್ದೆ, ತಪ್ಪು ಮಾಡಿದವಳು ತಪ್ಪು ನಡೆದ ಜಾಗಕ್ಕೇ ಹೋಗಿ ಹೋಗಿ ನಿಲ್ಲುವಂತೆ. ಮೊಬೈಲಿನ ಹೆಂಗಸು ಸ್ವಲ್ಪವೂ ಕರುಣೆಯಿಲ್ಲದೆ ಹೇಳಿದಳು: "ಮಿ ಕೊನ್‌ಸ್ವೆಗ್ರ ವಿಯೆನೆ ಓಯ್." ನನ್ನ ಬೀಗಿತ್ತಿ ಇವತ್ತು ಬರುತ್ತಾಳೆ.

ನಾನೂ ಹೇಳಿದೆ. ಗಂಟೆ ಬಾರಿಸಿತು. ಹಾಲು ಉಕ್ಕಿತು.

ಕೊಳ್ಳೇಗಾಲದ ಗೃಹಿಣಿಗೆ ಸ್ಪ್ಯಾನಿಷ್ ಯಾಕೆ ಎಂದು ನೀವು ಕೇಳುವುದು ಸಹಜ. ನಮ್ಮ ಓಣಿಯಲ್ಲಿ ಎಲ್ಲರೂ ಕೇಳಿ ಆಗಿದೆ. ಮಗಳು ಚೈತ್ರ ಮದುವೆಯಾಗಿ ಹೋಗುವ ಮುಂಚೆ, "ಮಧ್ಯಾಹ್ನ ಸೀರಿಯಲ್ ನೋಡ್ಕೊಂಡು ಅಳ್ತಾ ಕೂರ್ಬೇಡಮ್ಮ, ಏನಾದ್ರೂ ಕಲಿ" ಎಂದು ಮೊಬೈಲಿಗೆ ಈ ಭಾಷೆ ಕಲಿಸುವ ಆಟವನ್ನು ಹಾಕಿಕೊಟ್ಟಳು. ಭಾಷೆಗಳ ಉದ್ದದ ಪಟ್ಟಿ ಬಂತು. ಫ್ರೆಂಚ್, ಜರ್ಮನ್, ಜಪಾನಿ ಎಲ್ಲ ದಾಟಿ ನನ್ನ ಬೆರಳು ಸ್ಪ್ಯಾನಿಷ್ ಮೇಲೆ ನಿಂತಿತು. ಅದಕ್ಕೆ ಕಾರಣ ಸಿಸ್ಟರ್ ಕಾರ್ಮೆನ್.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಕಾರ್ಮೆನ್ ಕಸೂತಿ ಹೇಳಿಕೊಡುತ್ತಿದ್ದರು. ಸ್ಪೇನಿನಿಂದ ಬಂದವರು, ಆಗಲೇ ವಯಸ್ಸಾಗಿತ್ತು. ಹೊಲಿಗೆ ಎಣಿಸುವಾಗ ಮಾತ್ರ ಅವರು ತಮ್ಮ ಭಾಷೆಗೆ ಜಾರುತ್ತಿದ್ದರು. ಉನೋ, ದೋಸ್, ತ್ರೆಸ್. ಎರಡನೆಯದಕ್ಕೆ ಬರುವಾಗ ಹಸಿದ ಹುಡುಗಿಯರೆಲ್ಲ ದೋಸೆ ನೆನೆದು ಕಿಸಕ್ಕೆಂದು ನಗುತ್ತಿದ್ದೆವು. ಒಂದು ದಿನ ಅವರು ಬೋರ್ಡಿನ ಮೇಲೆ ತಮ್ಮ ಭಾಷೆಯ ನಮಸ್ಕಾರದ ಪದ ಬರೆದರು. ಬರೆದದ್ದು 'ಹೋಲಾ', ಓದಿದ್ದು 'ಓಲಾ'. "ನಮ್ಮಲ್ಲಿ ಹ ಅಕ್ಷರ ಇದೆ, ಸದ್ದು ಇಲ್ಲ" ಎಂದರು. ಕ್ಲಾಸಿಗೆ ಕ್ಲಾಸೇ ಬೆರಗಾಯಿತು. ನಾವು ಮನೆಯಲ್ಲಿ 'ಓಗಿ ಬತ್ತೀನಿ' ಅನ್ನುವವರು. ಆ ಹಕಾರವನ್ನು ನಮ್ಮ ಬಾಯಿಗೆ ಕೂರಿಸಲೆಂದು ಉಳಿದ ಟೀಚರುಗಳು ಸ್ಕೇಲು ಹಿಡಿದು ನಿಂತಿದ್ದ ಕಾಲವದು. ಇಲ್ಲಿ ನೋಡಿದರೆ ಒಂದು ಇಡೀ ದೇಶ ಹಕಾರವನ್ನು ನುಂಗಿಕೊಂಡು ಆರಾಮವಾಗಿದೆ! ಸಿಸ್ಟರ್ ಕಾರ್ಮೆನ್ ನಮ್ಮ ಹನೂರಿನ ಕಡೆಯವರೇ ಇರಬೇಕು, ಯಾವುದೋ ಕಾರಣಕ್ಕೆ ಸ್ಪೇನಿನಲ್ಲಿ ಹುಟ್ಟಿದ್ದಾರೆ ಎಂದು ನಾನು ತೀರ್ಮಾನಿಸಿದೆ.

ಈಗ ಪಾಠ ಓದುತ್ತಾ ಹೋದಂತೆ ಆ ತೀರ್ಮಾನ ಗಟ್ಟಿಯಾಗಿದೆ. ಎರಡು ಪದ ಹಿಡಿದು ಗಂಟು ಹಾಕಿ ಒಂದು ಮಾಡುವುದರಲ್ಲಿ ಆ ಜನವೂ ನಮ್ಮ ಹಾಗೆಯೇ. ಕೊಡೆಗೆ ಅವರು 'ಪರಾಗ್ವಾಸ್' ಅನ್ನುತ್ತಾರೆ, ಅಂದರೆ ನೀರು-ತಡೆ. ಹುಟ್ಟುಹಬ್ಬವೆಂದರೆ ವರ್ಷ-ತುಂಬಿಕೆ. ಬೆದರುಬೊಂಬೆ ಅವರಲ್ಲಿ ಹಕ್ಕಿ-ಬೆದರಿಸುಗ. ಈ ಕೊನೆಯದನ್ನು ಕಲಿತಾಗ ನನಗೆ ಮಗಳ ಅತ್ತೆಯ ಊರು ನೆನಪಾಯಿತು. ಲೊಕ್ಕನಹಳ್ಳಿಯ ಕಾಡಂಚಿನ ಹೊಲದಲ್ಲಿ ಬೊಂಬೆ ನಿಲ್ಲಿಸಿದರೆ ಹಂದಿ ಅದರ ಪಂಚೆ ಎಳೆಯುತ್ತದೆ, ಆನೆ ಅದರ ತಲೆಯ ಮಡಕೆಯನ್ನು ಒಡೆದು ಹೋಗುತ್ತದೆ. ಬರೀ ಹಕ್ಕಿಯನ್ನು ಹೆದರಿಸಿದರೆ ಸಾಕಾಗಿರುವ ದೇಶ ಎಷ್ಟು ಪುಣ್ಯವಂತವಾಗಿರಬೇಕು!

ಹೀಗೆ ಗಂಟು ಪದಗಳ ಬೆನ್ನು ಹತ್ತಿ ಹೋಗುವಾಗಲೇ ಮೂರು ವಾರದ ಹಿಂದೆ ಒಂದು ಬೆಳಿಗ್ಗೆ 'ಕೊನ್‌ಸ್ವೆಗ್ರ' ಎದುರಾಯಿತು. 'ಕೊನ್' ಎಂದರೆ ಜೊತೆ. 'ಸ್ವೆಗ್ರ' ಎಂದರೆ ಅತ್ತೆ. ಎರಡೂ ಸೇರಿದರೆ ಜೊತೆ-ಅತ್ತೆ. ನನ್ನ ಮಗಳ ಅತ್ತೆ ನನಗೇನಾಗಬೇಕೋ ಅದು. ಅಂದರೆ ಬೀಗಿತ್ತಿ!

ನನಗಾದ ಸಂತೋಷ ನಿಮಗೆ ಅರ್ಥವಾಗಬೇಕಾದರೆ ನನ್ನ ರಜಾ ಅರ್ಜಿಯ ಕಥೆ ಹೇಳಬೇಕು. ಏಳನೇ ಕ್ಲಾಸಿನಲ್ಲಿದ್ದಾಗ ಅಕ್ಕನ ಗಂಡನ ಮನೆಯವರು ಬಂದಿದ್ದರೆಂದು ನಾನು ಒಂದು ದಿನ ಶಾಲೆಗೆ ಹೋಗಲಿಲ್ಲ. ಮಾರನೆಯ ದಿನ ಇಂಗ್ಲಿಷಿನಲ್ಲಿ ಅರ್ಜಿ ಬರೆಯಬೇಕು. ಅಮ್ಮ ಹೇಳಿಕೊಟ್ಟಳು: "ಮನೆಗೆ ಬೀಗರು ಬಂದಿದ್ರು ಅಂತ ಬರಿ, ಸಾಕು." ಬೀಗರಿಗೆ ಇಂಗ್ಲಿಷ್ ಪದ ಹುಡುಕಿದೆ. ಡಿಕ್ಷನರಿಯಲ್ಲಿ ಸಿಗಲಿಲ್ಲ. ಕೊನೆಗೆ 'ನನ್ನ ಅಮ್ಮನ ಮಗಳ ಗಂಡನ ಅಪ್ಪ ಅಮ್ಮ ನಮ್ಮ ಮನೆಗೆ ಬಂದಿದ್ದರಿಂದ' ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡು ಹೋದೆ. ಇಂಗ್ಲಿಷ್ ಟೀಚರ್ ಅದನ್ನು ಕ್ಲಾಸಿಗೆಲ್ಲ ಓದಿ, "ಸರಿಯಾಗಿ ರಿಲೇಟಿವ್ಸ್ ಅಂತ ಬರೆಯೋಕೆ ಏನಾಗಿತ್ತು?" ಎಂದು ಕೇಳಿದರು. ನಾನು ಅಳುತ್ತಾ, "ಬರೀ ರಿಲೇಟಿವ್ಸ್ ಅಲ್ಲ ಮಿಸ್, ಬೀಗರು" ಅಂದೆ. ರಿಲೇಟಿವ್ಸ್ ಬಂದರೆ ಉಪ್ಪಿಟ್ಟು ಮಾಡುತ್ತಾರೆ, ಬೀಗರು ಬಂದರೆ ಒಬ್ಬಟ್ಟು. ಎರಡೂ ಒಂದೇ ಹೇಗಾಗುತ್ತದೆ?

ಮುಂದಿನ ಪೀರಿಯಡ್ಡಿಗೆಂದು ಬಂದು ಮೂಲೆಯಲ್ಲಿ ದಾರದ ಉಂಡೆ ಸುತ್ತುತ್ತಿದ್ದ ಸಿಸ್ಟರ್ ಕಾರ್ಮೆನ್ ತಲೆಯೆತ್ತಿ, "ನಮ್ಮ ಭಾಷೆಯಲ್ಲಿ ಅದಕ್ಕೊಂದು ಪದ ಇದೆ ಮಗೂ" ಅಂದರು. ಪದವನ್ನೂ ಹೇಳಿದರು. ಅಳುವಿನ ಸದ್ದಿನಲ್ಲಿ ನನಗದು ಕೇಳಿಸಲಿಲ್ಲ. ಮತ್ತೆ ಕೇಳುವ ಧೈರ್ಯವೂ ಬರಲಿಲ್ಲ.

ನಲವತ್ತು ವರ್ಷದ ಮೇಲೆ ಆ ಪದ ಹೀಗೆ ಸಕ್ಕರೆ ಡಬ್ಬಿಗೆ ಒರಗಿಕೊಂಡು ನನ್ನನ್ನು ನೋಡುತ್ತಿತ್ತು. ನಾನು ಕುಣಿಯುವುದೊಂದು ಬಾಕಿ. ಇಂಗ್ಲಿಷಿನವರು ಮದುವೆಯಿಂದ ಬಂದ ನೆಂಟರಿಗೆಲ್ಲ 'ಲಾ' ಎಂಬ ಬಾಲ ಅಂಟಿಸಿ ಕೋರ್ಟು ಕಚೇರಿಯ ವಾಸನೆ ಹತ್ತಿಸಿಬಿಟ್ಟಿದ್ದಾರೆ. ಅವರಲ್ಲಿ ಅತ್ತೆಯಿದ್ದಾಳೆ, ಸೊಸೆಯಿದ್ದಾಳೆ, ಎರಡು ಮನೆಯ ತಾಯಂದಿರ ನಡುವೆ ಮಾತ್ರ ಏನೂ ಇಲ್ಲ, ಬರೀ ಬಯಲು. ಸ್ಪ್ಯಾನಿಷಿನವರು ಅಲ್ಲಿ 'ಜೊತೆ' ಎಂದು ಬರೆದಿದ್ದಾರೆ. ಬಳಕೆಯ ವಿವರಣೆಯನ್ನೂ ಪಾಠ ಕೊಟ್ಟಿತ್ತು: ಹುಡುಗನ ತಾಯಿಗೆ ಹುಡುಗಿಯ ತಾಯಿ ಕೊನ್‌ಸ್ವೆಗ್ರ, ಹುಡುಗಿಯ ತಾಯಿಗೆ ಹುಡುಗನ ತಾಯಿಯೂ ಕೊನ್‌ಸ್ವೆಗ್ರ. ಮೇಲು ಕೆಳಗಿಲ್ಲ. ನಮ್ಮ 'ಬೀಗರು' ಪದದಲ್ಲೂ ಮೇಲು ಕೆಳಗಿಲ್ಲ, ನಿಜ. ಆದರೆ ಗಂಡಿನ ಕಡೆಯ ಬೀಗರು ಬಂದರೆ ಕುರ್ಚಿ ಒರೆಸುವವರು ಯಾರು ಎಂದು ಪದವನ್ನು ಕೇಳಿದರೆ ಅದು ಉತ್ತರ ಹೇಳುವುದಿಲ್ಲ.

ಇನ್ನಷ್ಟು ತಿಳಿಯೋಣವೆಂದು ಹುಡುಕಿದೆ. ಅದೇ ಹೆಸರಿನ ಒಂದು ಊರು ಸ್ಪೇನಿನಲ್ಲಿದೆಯಂತೆ. ಗುಡ್ಡದ ಸಾಲಿನ ಮೇಲೆ ಬಿಳಿ ಗಾಳಿಯಂತ್ರಗಳ ಚಿತ್ರ ಬಂತು. ನಮ್ಮವರಿಗೆ ತೋರಿಸಿದೆ. "ಬೀಗಿತ್ತಿ ಅಂದ್ರೆ ಇಷ್ಟು ದೊಡ್ಡ ಗಾಳಿನಾ?" ಎಂದು ಕೇಳಿ, ಯಳಂದೂರಿನ ಬಸ್ಸಿಗೆ ಹೊತ್ತಾಯಿತೆಂದು ಷರ್ಟು ಹುಡುಕತೊಡಗಿದರು. ಅವರ ಆಫೀಸು ಅಲ್ಲಿ. ಹೊರಡುವಾಗ ಬಾಗಿಲಿಂದ ಕೂಗಿದರು: "ಬಸ್ಸಿಗೆ ಡಬ್ಬಿ ಕೊಡ್ಬೇಕು ಅಂದ್ಯಲ್ಲ, ಎಲ್ಲಿ?"

ಅನಾಹುತ ಆದದ್ದು ಆಗ.

ಡಬ್ಬಿ ನನ್ನ ಬೀಗಿತ್ತಿ ಮಹದೇವಮ್ಮನವರದು. ಅವರು ಲೊಕ್ಕನಹಳ್ಳಿಯವರು, ಎಮ್ಮೆ ಸಾಕಿದ್ದಾರೆ. ಅಳಿಯ ಹನೂರಿನ ದನದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾನೆ, ಮಗಳು ಅಲ್ಲೇ ಒಂದು ಶಾಲೆಯಲ್ಲಿ ಟೀಚರ್. ಇಬ್ಬರೂ ಊರಿನಿಂದಲೇ ಓಡಾಡುತ್ತಾರೆ. ಮದುವೆಯಾದಾಗಿನಿಂದ ಪ್ರತಿ ಬುಧವಾರ ಮಹದೇವಮ್ಮ ನಮಗೆ ಏನಾದರೂ ಕಳಿಸುತ್ತಿದ್ದರು. ನಮ್ಮ ಕಡೆ ಇಂಥದ್ದಕ್ಕೆ ಅಂಚೆ ಬೇಕಿಲ್ಲ, ಬಸ್ಸಿದೆ. ಕಂಡಕ್ಟರ್ ಕೈಗೆ ಕೊಟ್ಟರೆ ಆಯಿತು. ಇಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಮ್ಮವರು ಇಳಿಸಿಕೊಳ್ಳುತ್ತಾರೆ, ಪಾತ್ರೆಯನ್ನು ಆಮೇಲೆ ಅದೇ ಬಸ್ಸಿಗೆ ಹತ್ತಿಸುತ್ತಾರೆ. ಅವರೆಕಾಯಿ ಬಂತು, ಹುಣಸೆಹಣ್ಣು ಬಂತು, ಸೀತಾಫಲ ಬಂತು. ಕೊನೆಯದಾಗಿ ಬೆಣ್ಣೆ ಬಂತು, ಹಿಡಿಯಿರುವ ಒಂದು ಹಳೆಯ ಸ್ಟೀಲ್ ಡಬ್ಬಿಯಲ್ಲಿ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಒಂದು ಹೆಸರು ಕೊರೆದಿತ್ತು: ಪುಟ್ಟತಾಯಮ್ಮ. ಅದು ಮಹದೇವಮ್ಮನವರ ತಾಯಿಯ ಹೆಸರು. ತವರಿನಿಂದ ಬಂದ ಡಬ್ಬಿ.

ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಎಂಥ ಮಗುವಿಗೂ ಗೊತ್ತು. ಒಂದು ಹಿಡಿ ಸಕ್ಕರೆಯಾದರೂ, ಒಂದು ಬೆಲ್ಲದ ಚೂರಾದರೂ ಒಳಗಿರಬೇಕು. ನಾನು ಚಕ್ಕುಲಿ ಹಾಕಿ ಕಳಿಸಬೇಕೆಂದು ಹಿಂದಿನ ದಿನವೇ ಕರಿದಿಟ್ಟಿದ್ದೆ. ಆದರೆ ಕಾನ್ವೆಂಟಿನ ಹುಡುಗಿ ನೋಡಿ, ಚಕ್ಕುಲಿಗಿಂತ ಮೊದಲು ಒಂದು ಚೀಟಿ ಬರೆದಿದ್ದೆ. ಗುಲಾಬಿ ಬಣ್ಣದ ಕಾಗದ, ದುಂಡಗಿನ ಅಕ್ಷರ. 'ಬೆಣ್ಣೆಗಾಗಿ ತುಂಬು ಹೃದಯದ ಧನ್ಯವಾದಗಳು.' ಅದನ್ನು ಡಬ್ಬಿಯ ತಳಕ್ಕೆ ಹಾಕಿ ಮುಚ್ಚಳ ಮುಚ್ಚಿದ್ದೆ, ಬೆಳಿಗ್ಗೆ ಮೇಲೆ ಚಕ್ಕುಲಿ ತುಂಬೋಣವೆಂದು. ಬೆಳಿಗ್ಗೆ ಕೊನ್‌ಸ್ವೆಗ್ರ ಬಂದು ಕೂತಳಲ್ಲ! ಸ್ಪೇನಿನ ಬೀಗಿತ್ತಿಯ ಸಂಭ್ರಮದಲ್ಲಿ ಲೊಕ್ಕನಹಳ್ಳಿಯ ಬೀಗಿತ್ತಿಯ ಡಬ್ಬಿಯನ್ನು ಇದ್ದ ಹಾಗೇ ಎತ್ತಿ ಗಂಡನ ಕೈಗೆ ಕೊಟ್ಟೆ.

ಚಕ್ಕುಲಿ ಅಲ್ಮೇರಾದಲ್ಲೇ ಇರುವುದನ್ನು ನೋಡಿದಾಗ ಮಧ್ಯಾಹ್ನ ಹನ್ನೆರಡಾಗಿತ್ತು. ಬಸ್ಸು ಆಗಲೇ ಲೊಕ್ಕನಹಳ್ಳಿ ಮುಟ್ಟಿರಬೇಕು. ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಪುಣ್ಯಕ್ಕೆ ಚೀಟಿಯಾದರೂ ಇದೆ.

ಮುಂದಿನ ಬುಧವಾರ ಬಸ್ಸಿನಲ್ಲಿ ಏನೂ ಬರಲಿಲ್ಲ. ಅದರ ಮುಂದಿನ ಬುಧವಾರವೂ ಇಲ್ಲ. ನಮ್ಮವರು ಕಂಡಕ್ಟರನ್ನು ವಿಚಾರಿಸಿದರೆ, "ಏನೂ ಕೊಟ್ಟಿಲ್ಲ ಸಾ" ಅಂದನಂತೆ. ನಾನು ಫೋನ್ ಮಾಡಿದರೆ ಮಹದೇವಮ್ಮ ಎಮ್ಮೆ ಕಟ್ಟಲು ಹೋಗಿರುತ್ತಿದ್ದರು, ಇಲ್ಲವೇ ಸಂಘದ ಸಭೆಗೆ. ಮಗಳನ್ನು ಕೇಳಿದೆ. "ಗೊತ್ತಿಲ್ಲಮ್ಮ, ನಿನ್ನ ಮಾತು ಬಂದ್ರೆ ಅತ್ತೆ ಸುಮ್ಮನಾಗ್ತಾರೆ" ಅಂದಳು. ಅವಳ ದನಿ ಸಣ್ಣದಾಗಿತ್ತು.

ಬೆಣ್ಣೆ ಬರಲಿಲ್ಲವೆಂದು ನನಗೆ ದುಃಖವಿಲ್ಲ. ಚೈತ್ರಳಿಗೆ ಈಗ ಐದು ತಿಂಗಳು. ಚೊಚ್ಚಲ ಹೆರಿಗೆ, ಏಳನೇ ತಿಂಗಳಿಗೆ ತವರಿಗೆ ಕರೆತರಬೇಕು. ಕರೆಯುವುದು ನಮ್ಮ ಕೆಲಸ, ಕಳಿಸುವುದು ಅವರ ಕೈಯಲ್ಲಿದೆ. ಬರಿದು ಡಬ್ಬಿ ಕಳಿಸಿದ ಮನೆಗೆ ತುಂಬಿದ ಸೊಸೆಯನ್ನು ಯಾರು ಕಳಿಸುತ್ತಾರೆ? ಈ ಮಾತು ನನ್ನ ತಲೆಯಲ್ಲಿ ಮೂರು ವಾರ ಗಿರಕಿ ಹೊಡೆಯಿತು. ಮಂಗಳವಾರ ಸಂಜೆ ಮಗಳು ಫೋನ್ ಮಾಡಿ, "ಅಮ್ಮ, ನಾಳೆ ಅತ್ತೆ ಒಬ್ಬರೇ ಅಲ್ಲಿಗೆ ಬರ್ತಾರಂತೆ. ಏನೋ ಮಾತಾಡೋದಿದೆ ಅಂದ್ರು" ಎಂದಾಗ ನಾನು ಹತ್ತಿರದಲ್ಲಿದ್ದ ಕುರ್ಚಿಯ ಮೇಲೆ ಕೂತುಬಿಟ್ಟೆ. 'ಮಾತಾಡೋದಿದೆ' ಎಂದು ಹೇಳಿಕಳಿಸಿ ಯಾರೂ ಒಳ್ಳೆಯ ಮಾತಾಡಿದ್ದನ್ನು ನಾನು ಕಂಡಿಲ್ಲ. ನಮ್ಮವರು, "ಹೆಂಗಸರ ಮಾತು, ಮಧ್ಯ ನಾನ್ಯಾಕೆ" ಎಂದು ಮರುದಿನ ಎಂದಿಗಿಂತ ಒಂದು ಬಸ್ಸು ಮುಂಚೆಯೇ ಯಳಂದೂರಿಗೆ ಹೊರಟುಹೋದರು.

ಹನ್ನೊಂದು ಗಂಟೆಗೆ ಮಹದೇವಮ್ಮ ಬಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಂಕುಳಲ್ಲಿ ಒಂದು ಬಟ್ಟೆ ಚೀಲ ಅವಚಿಕೊಂಡಿದ್ದರು. ಕಾಲಿಗೆ ನೀರು ಕೊಟ್ಟೆ. ಸೋಫಾದ ಮೇಲೆ ಕೂರಿ ಅಂದೆ. ಅವರು ಅದರ ಅಂಚಿನಲ್ಲಿ, ಈಗಲೋ ಆಗಲೋ ಏಳಬೇಕಾದವರ ಹಾಗೆ ಕೂತರು. ನಾನು ಎದುರಿನ ಕುರ್ಚಿಯ ಅಂಚಿನಲ್ಲಿ ಕೂತೆ. ಮಳೆ ಆಯಿತಾ ಅಂದೆ. ಇಲ್ಲ ಅಂದರು. ಎಮ್ಮೆ ಚೆನ್ನಾಗಿದೆಯಾ ಅಂದೆ. ಇದೆ ಅಂದರು. ಆಮೇಲೆ ಚೀಲದಿಂದ ಆ ಡಬ್ಬಿಯನ್ನು ತೆಗೆದು ನಮ್ಮಿಬ್ಬರ ನಡುವಿನ ಟೀಪಾಯಿಯ ಮೇಲೆ ಇಟ್ಟರು. ಮುಚ್ಚಳ ತೆಗೆದರು. ಒಳಗೆ ನನ್ನ ಗುಲಾಬಿ ಚೀಟಿ.

"ಬೀಗ್ರೇ, ನಾನು ಓದ್ದೋಳಲ್ಲ. ನಿಮ್ಮಂಗೆ ನಯವಾಗಿ ಮಾತಾಡಕ್ಕೂ ಬರಲ್ಲ. ನನ್ನಿಂದ ಏನ್ ತಪ್ಪಾಯ್ತು ಅಂತ ಬಾಯ್ಬುಟ್ಟು ಏಳ್ಬುಡಿ. ಬೆಣ್ಣೆ ಕಮಟಾಗಿತ್ತಾ?"

ನಾನು ಕಕ್ಕಾಬಿಕ್ಕಿಯಾದೆ. "ಅಯ್ಯೋ, ಇಲ್ಲ. ಅಂಥ ಬೆಣ್ಣೆ ನಾನು ತಿಂದೇ ಇರಲಿಲ್ಲ."

"ಮತ್ತೆ ಸಾಕು ಅಂತ ಯಾಕ್ ಬರ್ದ್ ಕಳ್ಸುದ್ರಿ?"

"ಸಾಕು ಅಂತ ನಾನೆಲ್ಲಿ ಬರೆದೆ? ಧನ್ಯವಾದ ಅಂತ ಬರೆದಿದ್ದೀನಿ."

"ಅದೇ ಕಣ್ರೀ! ನನ್ ಮಗನೂ ಓದಿ ಅಂಗೇ ಅಂದ. ನಮ್ ಸಂಗದ ಸಬೇಲಿ ಎಲ್ಲಾ ಮಾತಾಡಿ ಮುಗುದ್ಮೇಲೆ ಒಬ್ಳು ಎದ್ದು ಧನ್ಯವಾದ ಅಂತಾಳೆ. ಅಂದೇಟ್ಗೆ ಎಲ್ರೂ ಚಾಪೆ ಸುತ್ಕಂಡು ಮನೆಗೋಯ್ತೀವಿ. ಡಬ್ಬಿ ನೋಡುದ್ರೆ ಬರ್ದು, ಒಳ್ಗೆ ಧನ್ಯವಾದ. ಇನ್ನೇನ್ ತಿಳ್ಕಬೇಕು ನಾನು? ಕಾನ್ವೆಂಟ್ ಓದ್ದೋರು, ಅಳ್ಳಿಯೋರ ಸವಾಸ ಇಷ್ಟುಕ್ಕೇ ಸಾಕು ಅಂತ ಮರ್ವಾದೆಯಾಗಿ ಏಳವ್ರೆ ಅಂದ್ಕಂಡೆ."

ನನಗೆ ಒಮ್ಮೆಲೇ ನನ್ನ ಅಮ್ಮ ನೆನಪಾದಳು. ಕಾನ್ವೆಂಟಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದ ಪ್ಲೀಸ್, ಸಾರಿ, ಥ್ಯಾಂಕ್ಯೂಗಳನ್ನು ನಾನು ಮನೆಗೂ ಹೊತ್ತು ತಂದಿದ್ದ ದಿನಗಳು. ತಟ್ಟೆಗೆ ಮುದ್ದೆ ಹಾಕಿದ ಅಮ್ಮನಿಗೆ "ಥ್ಯಾಂಕ್ಯೂ" ಅಂದೆ. ಅಮ್ಮ ಕೈ ತಡೆದು ನನ್ನನ್ನೇ ನೋಡಿದಳು. "ಯಾಕೆ, ನಾನೇನು ಓಟ್ಲು ಇಟ್ಟಿದ್ದೀನಾ?" ಅಂದಳು. ಆ ದಿನವಿಡೀ ಅವಳ ಮುಖ ಸಪ್ಪಗಿತ್ತು. ನಮ್ಮಲ್ಲಿ ಕೃತಜ್ಞತೆಯಿಲ್ಲವೆಂದಲ್ಲ. 'ನಿಮ್ಮ ಹೊಟ್ಟೆ ತಣ್ಣಗಿರಲಿ' ಅನ್ನುತ್ತೇವೆ. ಅದಕ್ಕಿಂತ ಹೆಚ್ಚಾಗಿ, ಪಾತ್ರೆಯ ತಳದಲ್ಲಿ ಒಂದು ಹಿಡಿ ಸಕ್ಕರೆ ಹಾಕುತ್ತೇವೆ. ಸಕ್ಕರೆ ಹಾಕಿದರೆ ಆ ಕಡೆಯಿಂದ ಮತ್ತೇನೋ ಬರುತ್ತದೆ, ಅದಕ್ಕೆ ಈ ಕಡೆಯಿಂದ ಇನ್ನೇನೋ ಹೋಗುತ್ತದೆ, ಹೀಗೆ ಮುಗಿಯುವುದೇ ಇಲ್ಲ. ಧನ್ಯವಾದ ಅಂದರೆ ಮುಗಿಯಿತು. ಅಮ್ಮನ ಸಪ್ಪೆ ಮುಖ ನೋಡಿ ಕಲಿಯಬೇಕಾದದ್ದನ್ನು ನಾನು ಕಲಿತಿರಲಿಲ್ಲ. ಬರಿದು ಡಬ್ಬಿಯ ತಪ್ಪನ್ನು ನನ್ನ ಚೀಟಿ ಮುಚ್ಚಿತು ಎಂದುಕೊಂಡಿದ್ದೆ. ಅದು ತಪ್ಪಿನ ಮೇಲೆ ಮೊಹರು ಒತ್ತಿತ್ತು.

ಎಲ್ಲವನ್ನೂ ಹೇಳಿದೆ. ಕರಿದಿಟ್ಟ ಚಕ್ಕುಲಿ, ಮೊಬೈಲಿನ ಹೆಂಗಸು, ಬಸ್ಸಿನ ಅವಸರ. ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ಬಂತು. "ಮೂರು ವಾರ ನಿದ್ದೆ ಬಂದಿಲ್ಲ. ನೀವು ಚೈತ್ರನ್ನ ಕಳಿಸಲ್ಲ ಅಂತ ಹೇಳೋಕೇ ಬಂದಿದ್ದೀರಿ ಅಂದ್ಕೊಂಡೆ."

ಮಹದೇವಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡರು. "ಶಿವ್ನೇ! ಏಳ್ನೇ ತಿಂಗ್ಳು ಅತ್ರ ಬಂತು, ಕರ್ಯಕ್ಕೆ ನೀವೇ ಬರಲ್ವೇನೋ ಅಂತ ನಾನು ಎದ್ರುಕಂಡು ಬಂದೀವ್ನಿ. ತಾಯಿ ಮನೆ ಕಾಣ್ದೆ ಆ ಮಗು ಅಲ್ಲಿ ಸೊರಗ್ತಾದೆ ಅಂತ ನಂಗೆ ಅನ್ನ ಇಳೀತಿಲ್ಲ."

ಒಬ್ಬರನ್ನೊಬ್ಬರು ನೋಡಿಕೊಂಡೆವು. ಮೂರು ವಾರ ಇಬ್ಬರು ಹೆಂಗಸರು, ಒಂದೇ ಬಸ್ಸಿನ ಎರಡು ತುದಿಗಳಲ್ಲಿ, ಒಂದೇ ಹೆದರಿಕೆಯನ್ನು ಹೆದರುತ್ತಾ ಕೂತಿದ್ದೆವು. ನನ್ನ ಎದೆಯ ಮೇಲಿಂದ ಯಾರೋ ರುಬ್ಬುಗುಂಡು ಎತ್ತಿ ಪಕ್ಕಕ್ಕಿಟ್ಟಂತಾಯಿತು. ಉಸಿರು ಪೂರ್ತಿ ಒಳಕ್ಕೆ ಹೋಯಿತು. ಅಷ್ಟು ದಿನ ಅದು ಅರ್ಧಕ್ಕೇ ವಾಪಸ್ಸಾಗುತ್ತಿತ್ತು ಎಂಬುದು ಆಗಲೇ ಗೊತ್ತಾದದ್ದು.

"ಅದೇನೋ ಮೊಬೈಲಲ್ಲಿ ಕಲ್ತೆ ಅಂದ್ರಲ್ಲ, ಏನದು?" ಮಹದೇವಮ್ಮ ಕಣ್ಣೊರೆಸಿಕೊಂಡು ಕೇಳಿದರು.

"ಕೊನ್‌ಸ್ವೆಗ್ರ. ಅಂದ್ರೆ ನೀವು."

"ನಾನಾ?" ಅವರು ಹಿಂದೆ ಸರಿದರು. "ಬೈಗ್ಳಾ ಅದು?"

"ಬೈಗುಳ ಅಲ್ಲ. ಬೀಗಿತ್ತಿ ಅಂತ. ಜೊತೆ-ಅತ್ತೆ ಅಂತ ಬಿಡಿಸಿ ಹೇಳ್ತಾರೆ. ನಾನೂ ನಿಮಗೆ ಅದೇ ಆಗಬೇಕು."

ಅವರು ಆ ಪದವನ್ನು ಎಲೆ ಅಡಿಕೆಯಂತೆ ಬಾಯಲ್ಲಿ ಆಡಿಸಿದರು. "ಜತೆ ಅತ್ತೆ. ಚೆಂದಾಗದೆ ಬುಡಿ. ಜತೆ ಎತ್ತು ಇದ್ದಂಗೆ. ಅಂದ್ರೆ ನಿಮ್ ಮಗ್ಳುಗೆ ನಾನ್ ಅತ್ತೆ, ನನ್ ಮಗುನ್ಗೆ ನೀವು. ಒಂದೇ ನೊಗ. ಒಂದೆತ್ತು ಆ ಕಡೀಕೆ ಎಳ್ದು, ಒಂದೆತ್ತು ಈ ಕಡೀಕೆ ಎಳುದ್ರೆ ಗಾಡಿ ಗತಿ ಏನಾದಾತು?" ಎಂದವರು, ಸ್ವಲ್ಪ ಯೋಚಿಸಿ ಮುಗಿಸಿದರು: "ಅಂಗಾದ್ರೆ ಬಾಣಂತನನೂ ಜತೇಲೇ ಮಾಡವ. ಏಳ್ನೇ ತಿಂಗ್ಳುಗೆ ಬಂದು ಕರ್ಕಂಡೋಗಿ. ಎರ್ಗೆ ಆದ್ಮೇಲೆ ನಾನೂ ಬಂದು ಒಂದ್ ತಿಂಗ್ಳು ಇದ್ದು ಮಗೀಗೆ ನೀರುಯ್ತೀನಿ. ನಿಮ್ಗೆ ನೀರುಯ್ಯಕ್ಕೆ ಬರಾಕಿಲ್ಲ ಅಂತ ನಿಮ್ ಮಗ್ಳೇ ಏಳವ್ಳೆ."

ಮಗಳು ಇದನ್ನೆಲ್ಲ ಹೇಳಿದ್ದಾಳೆ! ಆದರೆ ಆ ಕ್ಷಣ ನನಗೆ ಅವಳ ಮೇಲೂ ಸಿಟ್ಟು ಬರಲಿಲ್ಲ.

ಊಟಕ್ಕೆ ಎಬ್ಬಿಸಿದೆ. ಒಬ್ಬಟ್ಟಿನ ಊಟ ಮುಗಿಸಿದ ಮಹದೇವಮ್ಮ ಅಡಿಗೆಮನೆಗೆ ಬಂದವರೇ ಬದಲಾದರು. ಫ್ರಿಜ್ ತೆಗೆದು ನೋಡಿ, ಬೆಣ್ಣೆಯನ್ನು ಕಾಯಿಸದೆ ಕಲ್ಲಾಗಿಸಿ ಇಟ್ಟಿದ್ದಕ್ಕೆ ಬೈದರು. ನುಗ್ಗೆಸೊಪ್ಪು ಎಲ್ಲಿ ಎಂದು ಕೇಳಿ, ಎದುರಿಗೇ ಮರ ಇಟ್ಟುಕೊಂಡು ಕಾಸು ಕೊಟ್ಟು ಕಟ್ಟು ತರುವವರನ್ನು ಏನನ್ನಬೇಕು ಎಂದರು. ಮೆಂತ್ಯ ಹುರಿದಿಡಬೇಕು, ಹಳೇ ಪಂಚೆ ಒಗೆದಿಡಬೇಕು, ಬಾಣಂತಿ ಕೋಣೆಯ ಕಿಟಕಿಗೆ ಬಟ್ಟೆ ಕಟ್ಟಬೇಕು. ಒಂದೊಂದಕ್ಕೂ ದನಿ ಏರುತ್ತಿತ್ತು. ಎಲ್ಲೋ ಮೆಂತ್ಯಕ್ಕೂ ಪಂಚೆಗೂ ನಡುವೆ ಅವರ 'ನೀವು' ಜಾರಿ 'ನೀನು' ಆಯಿತು. "ಇಷ್ಟು ದೊಡ್ಡೋಳಾಗಿ ಇದೂ ಗೊತ್ತಿಲ್ವಾ ನಿಂಗೆ? ಕೂತ್ಕ, ನಾನ್ ಮಾಡ್ತೀನಿ." ಅವರಿಗದು ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು, ಆದರೆ ತೋರಿಸಿಕೊಳ್ಳಲಿಲ್ಲ. ತೋರಿಸಿಕೊಂಡರೆ ಮತ್ತೆ ಸೋಫಾದ ಅಂಚಿಗೆ ಹೋಗಿಬಿಡುತ್ತಾರೇನೋ ಎಂಬ ಭಯ. ತೆಪ್ಪಗೆ ಬೈಸಿಕೊಂಡೆ. ನನಗೆ ಹೀಗೆ ಬಾಯಿತುಂಬ ಬೈಯುವವರು ಹೋಗಿ ಬಹಳ ವರ್ಷಗಳಾಗಿದ್ದವು.

ಪದದ ಅರ್ಥವನ್ನು ಮೊಬೈಲು ಕಲಿಸುತ್ತದೆ, ಒಪ್ಪೋಣ. ಬಳಕೆಯನ್ನು ಕಲಿಸಲು ಮಾತ್ರ ಯಾರಾದರೂ ಬಸ್ಸು ಹತ್ತಿ ಬರಬೇಕು. ನನ್ನ ಗಂಟೆ ಬಾರಿಸುವ ಹೆಂಗಸು ಒಂದೇ ಒಂದು ಉದಾಹರಣೆ ಕೊಟ್ಟಿದ್ದಳು, ಬೀಗಿತ್ತಿ ಇವತ್ತು ಬರುತ್ತಾಳೆ ಎಂದು. ಬಂದ ಮೇಲೆ ಏನಾಗುತ್ತದೆ ಎಂಬ ಪಾಠ ಆ ಆಟದಲ್ಲಿ ಇಲ್ಲ.

ನಾಲ್ಕೂವರೆ ಬಸ್ಸಿಗೆ ಮಹದೇವಮ್ಮ ಹೊರಟರು. ಡಬ್ಬಿ ತುಂಬ ಒಬ್ಬಟ್ಟು ತುರುಕಿದೆ. ಸಂದಿಯಲ್ಲಿ ಹೊಸದಾಗಿ ಕರಿದ ಚಕ್ಕುಲಿ, ಅದರ ಮೇಲೆ ಸಕ್ಕರೆ ಅಚ್ಚು. ಮುಚ್ಚಳ ಕೂರಲಿಲ್ಲ. "ಎಲ್ಲಾ ಇವತ್ತೇ ತುಂಬ್ಬುಟ್ರೆ ಬರೋ ವಾರಕ್ಕೇನ್ ಇಟ್ಕತೀಯೆ?" ಎಂದು ಗೇಟಿನ ಹತ್ತಿರ ನಿಂತು ಇನ್ನೊಮ್ಮೆ ಗದರಿ, ದಾರದಲ್ಲಿ ಮುಚ್ಚಳ ಬಿಗಿದುಕೊಂಡು ಹೋದರು. ಚೀಟಿಯನ್ನು ಮಾತ್ರ ನಾನು ಮೊದಲೇ ತೆಗೆದು ಒಲೆಗೆ ಹಾಕಿದ್ದೆ. ಬಸ್ಸು ಹನೂರಿನ ರಸ್ತೆಗೆ ತಿರುಗುವ ತನಕ ನಿಂತಿದ್ದು ಮನೆಗೆ ಬಂದೆ.

ಸಂಜೆ ದೀಪ ಹಚ್ಚುವ ಮುಂಚೆ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದೆ. ರತ್ನಮ್ಮ ಒಣಗಿದ ಬಟ್ಟೆ ಹೆಗಲಿಗೆ ಹಾಕಿಕೊಳ್ಳುತ್ತಾ ಕಾಂಪೌಂಡಿನ ಆಚೆಯಿಂದ ಇಣುಕಿದರು.

"ಬೀಗ್ರು ಬತ್ತಾರೆ ಅಂತ ಎರ್ಡೆರಡ್ ಸಲ ಗುಡುಸ್ತಿದ್ರಲ್ಲಕ್ಕ, ಪಾಪ, ಬರ್ಲೇ ಇಲ್ವಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಕೊನೆಯ ಸೀರೆಯನ್ನು ಹಗ್ಗದಿಂದ ಎಳೆದುಕೊಂಡು ಒಳಗೆ ಹೋಗುತ್ತಾ ಅಂದರು: "ಓಗ್ಲಿ ಬುಡಿ, ನಿಮ್ ತವರಿಂದಾನಾದ್ರೂ ಯಾರೋ ಬಂದಿದ್ರಲ್ಲ. ಎಂಗ್ ಬಯ್ತಿದ್ರು ನಿಮ್ಗೆ, ನಮ್ಮನೆಗೆಲ್ಲಾ ಕೇಳುಸ್ತಿತ್ತು."